ಉಪ್ಪಿನಕಾಯಿ ಭರಣಿ ತೊಳೆದರೂ ಮಬ್ಬು ಹೋಗುತ್ತಿಲ್ಲ, ಮುಚ್ಚಳದ ವಾಸನೆಯೂ ಹೋಗುತ್ತಿಲ್ಲ

ಕೋಲಾರದ ಸೊಸೆ
ಮಾವಿನಕಾಯಿ ಕಾಲ ಹತ್ತಿರ ಬಂತು. ಹೋದ ವರ್ಷದ ನಿಂಬೆ ಉಪ್ಪಿನಕಾಯಿ, ಮಾವಿನ ತೊಕ್ಕು ಎರಡೂ ಖಾಲಿಯಾಗಿ ಗಾಜಿನ ಭರಣಿಗಳು ಸಾಲಾಗಿ ಕೂತಿವೆ. ಪಾತ್ರೆ ಸೋಪಿನಲ್ಲಿ ತೊಳೆದೆ. ಆಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಕುದಿಸಿದೆ. ಕುದಿಸಿದ ಮೇಲೆ ಇನ್ನೂ ಕೆಟ್ಟದಾಗಿ ಕಾಣುತ್ತಿವೆ! ಒಳಗೂ ಹೊರಗೂ ಬಿಳಿ ಮಬ್ಬು. ಒದ್ದೆ ಇದ್ದಾಗ ಕಾಣುವುದಿಲ್ಲ, ಒಣಗಿದ ತಕ್ಷಣ ಹಾಜರ್. ನಮ್ಮದು ಬೋರ್‌ವೆಲ್ ನೀರು.

ಇನ್ನೊಂದು ತಲೆನೋವು ಮುಚ್ಚಳ. ಕ್ಲಿಪ್ ಹಾಕುವ ಭರಣಿಯ ರಬ್ಬರ್‌ನಲ್ಲಿ ಇಂಗು, ಹಳೇ ಎಣ್ಣೆ ಎರಡೂ ಸೇರಿದ ಕಮಟು ವಾಸನೆ. ಅದರಲ್ಲಿ ಹೊಸ ಉಪ್ಪಿನಕಾಯಿ ಹಾಕಲು ಮನಸ್ಸೇ ಬರುತ್ತಿಲ್ಲ. ಅತ್ತೆಯ ಕಾಲದ ಹಾರ್ಲಿಕ್ಸ್ ಗಾಜಿನ ಬಾಟಲಿಯೂ ಒಂದಿದೆ. ಅದನ್ನು ಎಸೆಯುವ ಹಾಗಿಲ್ಲ, ಅತ್ತೆ ನೋಡುತ್ತಿರುತ್ತಾರೆ. ಏನು ಮಾಡಬಹುದು ಹೇಳಿ. "ಚೆನ್ನಾಗಿ ಉಜ್ಜಿ ತೊಳೀರಿ" ಅಂತ ಮಾತ್ರ ಹೇಳಬೇಡಿ.

ತುಂಗಾತೀರ
ಒಲೆ ಬೂದಿ, ಸೀಗೆಪುಡಿ, ತೆಂಗಿನ ನಾರು. ಆಮೇಲೆ ಬಿಸಿಲು. ನಮ್ಮಲ್ಲಿ ಇಷ್ಟೇ. ಮಬ್ಬುಗಿಬ್ಬು ಕಂಡಿದ್ದೇ ಇಲ್ಲ.

ಕೋಲಾರದ ಸೊಸೆ
ಮೂರನೇ ಮಹಡಿಯಲ್ಲಿ ಬೂದಿ ಎಲ್ಲಿಂದ ತರಲಿ ಅಣ್ಣಾ? ಊದುಬತ್ತಿದೇ ಕೂಡಿಡಬೇಕು ಅಷ್ಟೇ.

ರಸಾಯನ ಮೇಷ್ಟ್ರು
ತುಂಗಾತೀರದವರ ಮನೆಯಲ್ಲಿ ಮಬ್ಬು ಕಾಣದೇ ಇರುವುದಕ್ಕೆ ಕಾರಣ ಬೂದಿಯಲ್ಲ, ನೀರು. ಮಲೆನಾಡಿನ ಹೊಳೆ ನೀರು ಮೆದು. ಕೋಲಾರದ ಬೋರ್‌ವೆಲ್ ನೀರು ಗಡಸು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ಕುದಿಸಿದಾಗ ಅದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಬೇರೆಯಾಗಿ, ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರವೂ ಇದೇ. ನೀವು ಭರಣಿ ಕುದಿಸಿದ್ದಕ್ಕೇ ಮಬ್ಬು ಜಾಸ್ತಿಯಾಗಿದೆ. ಸೋಪು ಇದಕ್ಕೆ ಏನೂ ಮಾಡುವುದಿಲ್ಲ. ಗಡಸು ನೀರಿನಲ್ಲಿ ಸಾಬೂನೇ ಇನ್ನೊಂದು ಪದರ ಬಿಡುತ್ತದೆ.

ಆದರೆ ಎಲ್ಲ ಮಬ್ಬೂ ಒಂದೇ ಅಲ್ಲ. ಉಜ್ಜುವುದಕ್ಕೆ ಮೊದಲು ಯಾವ ಮಬ್ಬು ಅಂತ ನೋಡಿಕೊಳ್ಳಿ. ಒಣಗಿದ ಭರಣಿಯ ಮೇಲೆ ಒಂದು ಕಡೆ ಎರಡು ಹನಿ ಬಿಳಿ ವಿನೆಗರ್ ಬಿಡಿ. ಐದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಅಷ್ಟು ಜಾಗ ಮಾತ್ರ ಫಳಫಳ ಅಂದರೆ ಅದು ಸುಣ್ಣದ ಪದರ. ವಿನೆಗರ್ ಹನಿ ಹರಡದೆ ಗುಂಡಗೆ ನಿಂತು ಜಾರಿದರೆ ಮೇಲೆ ಎಣ್ಣೆ ಜಿಡ್ಡು ಇದೆ, ಮೊದಲು ಅದನ್ನು ತೆಗೆಯಬೇಕು. ಜಿಡ್ಡೂ ಇಲ್ಲ, ವಿನೆಗರ್‌ಗೂ ಬಗ್ಗಲಿಲ್ಲ ಅಂದರೆ ಗಾಜೇ ಸವೆದಿದೆ. ಅದಕ್ಕೆ ಔಷಧಿ ಇಲ್ಲ.

ಸುಣ್ಣದ ಪದರವಾದರೆ 1 ಲೀಟರ್ ನೀರಿಗೆ 60 ಮಿ.ಲೀ. ವಿನೆಗರ್ ಬೆರೆಸಿ ಭರಣಿಯನ್ನು ಪೂರ್ತಿ ಮುಳುಗಿಸಿ ಕೆಲವು ಗಂಟೆ ಬಿಡಿ. ಉಜ್ಜುವುದೇ ಬೇಡ. ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆ್ಯಸಿಡ್ ಪುಡಿಯೂ ಆಗುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಕೊನೆಗೆ ತೊಳೆಯುವುದು ಮಾತ್ರ ಫಿಲ್ಟರ್ ನೀರಿನಲ್ಲಿ. ಬೋರ್ ನೀರಿನಲ್ಲೇ ತೊಳೆದು ಹಾಗೇ ಒಣಗಲು ಬಿಟ್ಟರೆ ಮತ್ತೆ ಚುಕ್ಕೆ ಬೀಳುತ್ತದೆ.

ಹುಬ್ಬಳ್ಳಿ ಪುಟ್ಟಕ್ಕ
ವಿನೆಗರ್ ಒಂದೇ ಯಾಕೆ, ಅಡುಗೆ ಸೋಡಾನೂ ಹಾಕಿ. ಭುಸ್ ಅಂತ ನೊರೆ ಬರುತ್ತದೆ, ಎಲ್ಲಾ ಕಿತ್ತುಕೊಂಡು ಬರುತ್ತದೆ. ನಾನು ಸಿಂಕ್‌ಗೂ ಅದನ್ನೇ ಹಾಕುವುದು.

ರಸಾಯನ ಮೇಷ್ಟ್ರು
ಪುಟ್ಟಕ್ಕ, ನೊರೆ ನೋಡಲು ಚೆಂದ, ಒಪ್ಪಿದೆ. ಆದರೆ ವಿನೆಗರ್ ಆಮ್ಲ, ಸೋಡಾ ಕ್ಷಾರ. ಎರಡೂ ಒಂದನ್ನೊಂದು ತಿಂದು ಹಾಕುತ್ತವೆ. ಗಾಳಿ ಹೋದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು. ಅದು ಸುಣ್ಣವನ್ನೂ ಕರಗಿಸುವುದಿಲ್ಲ, ಜಿಡ್ಡನ್ನೂ ಬಿಡಿಸುವುದಿಲ್ಲ. ಬೇರೆ ಬೇರೆ ಹಾಕಿದರೆ ಎರಡೂ ಉಪಯೋಗಕ್ಕೆ ಬರುತ್ತವೆ. ಜಿಡ್ಡಿಗೆ ಸೋಡಾ, ಸುಣ್ಣಕ್ಕೆ ವಿನೆಗರ್, ನಡುವೆ ಒಮ್ಮೆ ತೊಳೆಯಬೇಕು.

ಇದರ ಜೊತೆಗೇ ಹೇಳಿಬಿಡುತ್ತೇನೆ. ವಿನೆಗರ್, ನಿಂಬೆ, ಸಿಟ್ರಿಕ್ ಆ್ಯಸಿಡ್ ಯಾವುದನ್ನೂ ಬ್ಲೀಚಿನ ಜೊತೆ ಬೆರೆಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಅಡುಗೆಮನೆಯಲ್ಲಿ ಅದು ತಮಾಷೆಯಲ್ಲ.

ಹುಬ್ಬಳ್ಳಿ ಪುಟ್ಟಕ್ಕ
ಆಯ್ತು ಮೇಷ್ಟ್ರೇ. ಇಷ್ಟು ದಿನ ಸುಮ್ನೆ ನೊರೆ ನೋಡಿ ಖುಷಿಪಟ್ಟಿದ್ದು ಅಂತಾಯ್ತು.

ಮಿಡಿಮನೆ ಶಿರಸಿ
ಮೇಷ್ಟ್ರು ಜಿಡ್ಡು ಮೊದಲು ಅಂದರಲ್ಲ, ಅದರ ಬಗ್ಗೆ ನಾನು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಮಿಡಿ ಉಪ್ಪಿನಕಾಯಿ ಭರಣಿಗಟ್ಟಲೆ ಆಗುತ್ತದೆ. ಭರಣಿ ಖಾಲಿಯಾದ ತಕ್ಷಣ ನೀರು ಹಾಕುವವರೇ ಜಾಸ್ತಿ. ಅಲ್ಲೇ ಕೆಲಸ ಕೆಡುವುದು. ನೀರು ಬಿದ್ದರೆ ಎಣ್ಣೆ, ಸಾಸಿವೆ ಪುಡಿ, ಮೆಣಸಿನ ಪುಡಿ ಎಲ್ಲ ಸೇರಿ ಅಂಟಾಗಿ ಮೂಲೆಯಲ್ಲಿ ಕೂರುತ್ತದೆ.

ಮೊದಲ ಕೆಲಸ ಊಟದ್ದು. ಬಿಸಿ ಅನ್ನವನ್ನು ಭರಣಿಯೊಳಗೇ ಹಾಕಿ, ಸೌಟಿನ ಹಿಡಿಯಿಂದ ಗೋಡೆಗೆಲ್ಲ ಒತ್ತಿ ಕಲಸಿ ತೆಗೆಯಿರಿ. ತಳದ ರಸ, ಅಂಚಿನ ಖಾರ ಎಲ್ಲ ಅನ್ನಕ್ಕೆ ಬರುತ್ತದೆ. ಆ ತುತ್ತಿಗೆ ಮನೆಯಲ್ಲಿ ಜಗಳ ಆಗುತ್ತದೆ, ಅದು ಬೇರೆ ಮಾತು. ಅನ್ನ ಕೈ ತಡೆಯುವಷ್ಟು ಬಿಸಿ ಇದ್ದರೆ ಸಾಕು, ಹಬೆಯಾಡುವ ಅನ್ನ ತಣ್ಣನೆಯ ಗಾಜಿಗೆ ಹಾಕಬೇಡಿ.

ಅನ್ನ ತೆಗೆದ ಮೇಲೆ ಒಣ ಕಡಲೆಹಿಟ್ಟು ಒಂದು ಹಿಡಿ. ಹಾಕಿ, ಭರಣಿಯನ್ನು ಮಲಗಿಸಿ ಉರುಳಿಸಿ. ಹಿಟ್ಟು ಎಣ್ಣೆ ಹೀರಿ ಉಂಡೆ ಉಂಡೆಯಾಗಿ ಬಿಡುತ್ತದೆ. ಅದನ್ನು ಕಾಗದದಲ್ಲಿ ಒರೆಸಿ ತೆಗೆಯಿರಿ, ಸಿಂಕ್‌ಗೆ ಚೆಲ್ಲಬೇಡಿ, ಕಟ್ಟಿಕೊಳ್ಳುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರು, ಸೀಗೆಪುಡಿ ಅಥವಾ ಅಂಟುವಾಳದ ನೀರು. ಪಾತ್ರೆ ಸೋಪೂ ಆಗುತ್ತದೆ, ಮಡಿ ಏನಿಲ್ಲ.

ಕಂಠ ಸಣ್ಣದಿದ್ದು ಕೈ ಹೋಗದಿದ್ದರೆ ಎರಡು ಹಿಡಿ ಅಕ್ಕಿ, ಸ್ವಲ್ಪ ನೀರು, ಎರಡು ತೊಟ್ಟು ಸೋಪು ಹಾಕಿ ಬಾಯಿ ಮುಚ್ಚಿ ಕುಲುಕಿ. ಮೂಲೆಯ ಕಪ್ಪೆಲ್ಲ ಬಿಡುತ್ತದೆ. ಮರಳು ಹಾಕಬೇಡಿ, ಗೀಚು ಬೀಳುತ್ತದೆ.

ಹುಬ್ಬಳ್ಳಿ ಪುಟ್ಟಕ್ಕ
ಗೀಚು ಬಿದ್ದರೆ ಏನಾಯ್ತು? ನಾನು ಸ್ಟೀಲ್ ನಾರಿನಲ್ಲೇ ಉಜ್ಜುವುದು, ಅದಿಲ್ಲದೆ ಕೈಗೆ ತೃಪ್ತಿಯಿಲ್ಲ.

ಮಿಡಿಮನೆ ಶಿರಸಿ
ಗೀಚಿನೊಳಗೆ ಜಿಡ್ಡು ಸೇರಿದರೆ ಮುಂದಿನ ಸಲ ತೆಗೆಯಲು ಆಗುವುದಿಲ್ಲ ಅಕ್ಕಾ. ಬಿಸಿ ನೀರು ಬಿದ್ದಾಗ ಸೀಳು ಶುರುವಾಗುವುದೂ ಅಲ್ಲಿಂದಲೇ. ಪಿಂಗಾಣಿ ಜಾಡಿಗಾದರೂ ಅಷ್ಟೇ, ಮೇಲಿನ ಹೊಳಪು ಹೋದರೆ ಒಳಗೆ ಉಪ್ಪು ಕುಡಿಯುತ್ತದೆ. ತೆಂಗಿನ ನಾರಿಗೆ ಬನ್ನಿ.

ಕೋಲಾರದ ಸೊಸೆ
ಹನಿ ಪರೀಕ್ಷೆ ಮಾಡಿದೆ ಮೇಷ್ಟ್ರೇ! ಎರಡು ದೊಡ್ಡ ಭರಣಿಯದು ಸುಣ್ಣವೇ. ವಿನೆಗರ್ ನೀರಿನಲ್ಲಿ ರಾತ್ರಿ ಮುಳುಗಿಸಿಟ್ಟೆ, ಬೆಳಗ್ಗೆ ಕನ್ನಡಿ ಹಾಗೆ ಆಗಿವೆ. ಕ್ಲಿಪ್ ಭರಣಿಯಲ್ಲಿ ಹನಿ ಜಾರಿತು, ಅದಕ್ಕೆ ಕಡಲೆಹಿಟ್ಟು ಆಗಬೇಕು. ಹಾರ್ಲಿಕ್ಸ್ ಬಾಟಲಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದರಲ್ಲಿ ಏನಾದರೂ ಇಡಬಹುದಾ ಅಥವಾ ಶೋಕೇಸಿಗಾ?

ರಸಾಯನ ಮೇಷ್ಟ್ರು
ಅದು ಸವೆದ ಗಾಜು. ಮಬ್ಬಿನಿಂದ ಆಹಾರಕ್ಕೆ ತೊಂದರೆಯಿಲ್ಲ, ನೋಡಲು ಚೆನ್ನಾಗಿಲ್ಲ ಅಷ್ಟೇ. ಬಾಯಿಯ ಅಂಚು ಮಾತ್ರ ನೋಡಿ. ಹತ್ತಿಯ ಉಂಡೆಯನ್ನು ಅಂಚಿನ ಸುತ್ತ ಎಳೆಯಿರಿ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಚಕ್ಕೆ ಎದ್ದಿದೆ. ಆಗ ತಿನ್ನುವ ಪದಾರ್ಥ ಬೇಡ. ಅಂಚು ನಯವಾಗಿದ್ದರೆ ಮೆಂತ್ಯ, ಜೀರಿಗೆ ಹಾಕಿ. ಕುದಿಸಲು ಹೋಗಬೇಡಿ.

ಟೆಕ್ಸಾಸ್ ಗಿರಿಜೆ
ಇಲ್ಲಿ ನಾವು ಬೇಸಿಗೆಯಲ್ಲಿ ಟೊಮೆಟೊ ಜಾಡಿಗೆ ತುಂಬಿ, ಜಾಡಿ ಸಮೇತ ನೀರಿನಲ್ಲಿ ಕುದಿಸಿ ವರ್ಷಕ್ಕೆ ಇಡುತ್ತೇವೆ. ಇದಕ್ಕೆ ಮೇಸನ್ ಜಾಡಿ ಅನ್ನುತ್ತಾರೆ. 1858ರಲ್ಲಿ ತಿರುಪಿನ ಕಂಠದ ಜಾಡಿಗೆ ಪೇಟೆಂಟ್ ಪಡೆದ ಜಾನ್ ಮೇಸನ್ ಹೆಸರು ಅದು. ನಿಮ್ಮಲ್ಲೂ ಈಗ ಆನ್‌ಲೈನ್‌ನಲ್ಲಿ ಈ ಜಾಡಿ ಸಿಗುತ್ತಿದೆ, ಆದರೆ ಜಾಡಿಯ ಜೊತೆ ಪದ್ಧತಿ ಬಂದಿಲ್ಲ ಅನ್ನಿಸುತ್ತದೆ.

ಮುಚ್ಚಳ ಎರಡು ಭಾಗ ಇರುತ್ತದೆ. ಮೇಲೊಂದು ಚಪ್ಪಟೆ ಬಿಲ್ಲೆ, ಅದನ್ನು ಹಿಡಿದಿಡಲು ತಿರುಪಿನ ಬಳೆ. ಕುದಿಸಿ ತೆಗೆದ ಮೇಲೆ 12ರಿಂದ 24 ಗಂಟೆ ಅಲುಗಿಸದೆ ಬಿಡಬೇಕು. ಬಿಲ್ಲೆ ಒಳಕ್ಕೆ ಎಳೆದು ಕೂತಿದೆ ಅಂತ ಖಾತ್ರಿಯಾದ ಮೇಲೆ ಬಳೆ ಬಿಚ್ಚಿ ತೆಗೆದುಬಿಡಬೇಕು. ಬಹಳ ಜನ ಇದನ್ನು ಮಾಡುವುದಿಲ್ಲ. ಕುದಿಯುವಾಗ ರಸ ಸ್ವಲ್ಪ ಹೊರಗೆ ಬಂದು ತಿರುಪಿನ ಸಂದಿಯಲ್ಲಿ ನಿಂತಿರುತ್ತದೆ. ಬಳೆ ಹಾಗೇ ಬಿಟ್ಟರೆ ಅಲ್ಲೇ ತುಕ್ಕು, ಅಲ್ಲೇ ಬೂಷ್ಟು, ಅಲ್ಲೇ ಇರುವೆ. ಬಳೆ ತೆಗೆದು, ಜಾಡಿಯ ಹೊರಮೈ ಸೋಪಿನ ನೀರಿನಲ್ಲಿ ತೊಳೆದು ಒರೆಸಿ, ಬಳೆ ಇಲ್ಲದೇ ಕಪಾಟಿಗೆ ಇಡುವುದು. ಇನ್ನೊಂದು ಲಾಭ ಇದೆ. ಒಳಗೆ ಏನಾದರೂ ಕೆಟ್ಟು ಬಿಲ್ಲೆ ಬಿಟ್ಟುಕೊಂಡರೆ ತಕ್ಷಣ ಗೊತ್ತಾಗುತ್ತದೆ. ಬಳೆ ಇದ್ದರೆ ಅದು ಬಿಲ್ಲೆಯನ್ನು ಒತ್ತಿ ಹಿಡಿದು ಮೋಸ ಮಾಡುತ್ತದೆ.

ಬಳೆ ಮತ್ತೆ ಮತ್ತೆ ಬಳಸಬಹುದು. ಬಿಲ್ಲೆ ಒಂದೇ ಸಲಕ್ಕೆ. ಅದರ ಅಂಚಿನ ಮೆತ್ತನೆಯ ಪದರ ಒಮ್ಮೆ ಒತ್ತಿದ ಮೇಲೆ ಗುರುತು ಬಿದ್ದಿರುತ್ತದೆ, ಎರಡನೇ ಸಲ ಗಾಳಿ ತಡೆಯುತ್ತದೆ ಅಂತ ನಂಬುವ ಹಾಗಿಲ್ಲ. ನಾನು ಹಳೇ ಬಿಲ್ಲೆಗಳನ್ನು ಬೇಳೆ ಡಬ್ಬಿಗೆ ಹಾಕುತ್ತೇನೆ.

ಕೋಲಾರದವರಿಗೆ ಒಂದು ಮಾತು. ಕುದಿಸುವ ನೀರಿಗೇ ಎರಡು ಮೂರು ಚಮಚ ವಿನೆಗರ್ ಹಾಕಿಬಿಡಿ. ಆಗ ಮಬ್ಬು ಕೂರುವುದೇ ಇಲ್ಲ.

ಜಯನಗರದ ಜಾಣೆ
ಕುದಿಸುವುದು ಎಷ್ಟು ಹೊತ್ತು? ಒಬ್ಬರು ಐದು ನಿಮಿಷ ಅನ್ನುತ್ತಾರೆ, ಇನ್ನೊಬ್ಬರು ಅರ್ಧ ಗಂಟೆ.

ರಸಾಯನ ಮೇಷ್ಟ್ರು
ಖಾಲಿ ಭರಣಿಗೆ ನೀರು ತಳಮಳ ಕುದಿಯಲು ಶುರುವಾದ ಮೇಲೆ 10 ನಿಮಿಷ. ಇದು ಸಮುದ್ರಮಟ್ಟದಿಂದ 1,000 ಅಡಿ ಎತ್ತರದವರೆಗಿನ ಲೆಕ್ಕ. ಮೇಲಕ್ಕೆ ಹೋದಂತೆ ಪ್ರತಿ 1,000 ಅಡಿಗೆ 1 ನಿಮಿಷ ಸೇರಿಸಬೇಕು. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಹಾಗಾಗಿ 12 ನಿಮಿಷ. ಮಂಗಳೂರಿನವರಿಗೆ 10 ಸಾಕು.

ಭರಣಿಯನ್ನು ತಣ್ಣೀರಿನಲ್ಲಿಟ್ಟೇ ಒಲೆ ಹಚ್ಚಿ. ತಳಕ್ಕೆ ಹಳೇ ಬಟ್ಟೆ ಹಾಸಿ. ಕುದಿಯುವ ನೀರಿಗೆ ತಣ್ಣನೆಯ ಭರಣಿ ಇಳಿಸಿದರೆ, ಅಥವಾ ಬಿಸಿ ಭರಣಿಯನ್ನು ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟರೆ ಟಪ್ ಅನ್ನುತ್ತದೆ. ಒಂದು ಮೈ ಹಿಗ್ಗಿ ಇನ್ನೊಂದು ಮೈ ಹಿಗ್ಗದಿದ್ದರೆ ಗಾಜು ತಡೆಯುವುದಿಲ್ಲ. ಬೊರೊಸಿಲಿಕೇಟ್ ಗಾಜು ಇದನ್ನು ಎಷ್ಟೋ ಮಟ್ಟಿಗೆ ತಾಳುತ್ತದೆ. ಆದರೆ ಉಪ್ಪಿನಕಾಯಿ ಭರಣಿ, ಜಾಮ್ ಬಾಟಲಿ ಇವೆಲ್ಲ ಸಾಮಾನ್ಯ ಸೋಡಾ ಗಾಜು.

ಮಿಡಿಮನೆ ಶಿರಸಿ
ನಮ್ಮಲ್ಲಿ ಕೊನೆಗೆ ಇಂಗಿನ ಹೊಗೆ ಕೊಡುತ್ತಾರೆ. ಕೆಂಡದ ಮೇಲೆ ಇಂಗಿನ ಚೂರು, ಸ್ವಲ್ಪ ಎಣ್ಣೆ ಹಾಕಿ ಅದರ ಮೇಲೆ ಭರಣಿ ಕವುಚಿಡುವುದು. ಹೊಗೆ ತುಂಬಿದ ಮೇಲೆ ಎತ್ತಿ ತಕ್ಷಣ ಬಾಯಿ ಕಟ್ಟಬೇಕು. ಘಮ ವರ್ಷ ಪೂರ್ತಿ ಇರುತ್ತದೆ.

ಜಯನಗರದ ಜಾಣೆ
ಹಾಗಾದರೆ ಕುದಿಸುವುದು ಬೇಡವಾ?

ಮಿಡಿಮನೆ ಶಿರಸಿ
ಅದು ಘಮಕ್ಕೆ. ತೊಳೆದು ಕುದಿಸಿ ಒಣಗಿಸಿದ ಭರಣಿಗೇ ಹೊಗೆ ಕೊಡುವುದು. ಕೊಳಕು ಭರಣಿಗೆ ಕೊಟ್ಟರೆ ಇಂಗಿನ ವಾಸನೆಯ ಕೊಳಕು ಭರಣಿ ಸಿಗುತ್ತದೆ.

ಮಂಗಳೂರು ಶಾಂತಕ್ಕ
ಎಲ್ಲರೂ ಗಾಜಿನ ಹಿಂದೆ ಬಿದ್ದಿದ್ದೀರಿ. ನಿಜವಾದ ಕಳ್ಳ ಮುಚ್ಚಳ. ಗಾಜು ವಾಸನೆ ಹೀರುವುದೇ ಇಲ್ಲ. ತೊಳೆದ ಭರಣಿಯನ್ನು ಮುಚ್ಚಳ ಇಲ್ಲದೇ ಮೂಸಿ ನೋಡಿ, ಏನೂ ಇರುವುದಿಲ್ಲ. ಮುಚ್ಚಳ ಹಾಕಿಟ್ಟು ಮರುದಿನ ತೆರೆದರೆ ವಾಸನೆ ಇರುತ್ತದೆ. ಎಣ್ಣೆ ಕುಡಿಯುವುದು ರಬ್ಬರ್ ಮತ್ತು ಪ್ಲಾಸ್ಟಿಕ್.

ಕ್ಲಿಪ್ ಭರಣಿಯ ರಬ್ಬರನ್ನು ತೋಡಿನಿಂದ ಬಿಚ್ಚಿ ತೆಗೆಯಿರಿ. ಕುಕ್ಕರ್ ಗ್ಯಾಸ್ಕೆಟ್ ಬಿಚ್ಚುವುದಿಲ್ಲವಾ, ಹಾಗೆ. ಬಿಚ್ಚಿದಾಗ ಕೆಳಗಿನ ತೋಡಿನಲ್ಲಿ ಕಂದು ಬಣ್ಣದ ಗೋಂದಿನಂಥದ್ದು ಇರುತ್ತದೆ ನೋಡಿ, ಸಾಸಿವೆ ಸಿಪ್ಪೆ ಸಮೇತ. ಕಮಟು ಬರುವುದು ಅದರಿಂದ. ಊದುಬತ್ತಿ ಕಡ್ಡಿಗೆ ಬಟ್ಟೆ ಸುತ್ತಿ, ಸೋಪು ಹಚ್ಚಿ ಆ ತೋಡನ್ನು ಸುತ್ತಲೂ ಎಳೆಯಿರಿ. ರಬ್ಬರನ್ನು ಸೋಪಿನಲ್ಲಿ ತಿಕ್ಕಿ, ಸೋಡಾ ಹಾಕಿದ ಬೆಚ್ಚಗಿನ ನೀರಿನಲ್ಲಿ ರಾತ್ರಿ ಬಿಡಿ. ಮರುದಿನ ಬಿಸಿಲಿಗೆ. ಆಮೇಲೂ ವಾಸನೆ ಇದ್ದರೆ, ಅಥವಾ ಎಳೆದಾಗ ಸಣ್ಣ ಬಿರುಕು ಕಂಡರೆ, ಬಿಸಾಡಿ. ರಬ್ಬರ್ ಬೇರೆಯೇ ಸಿಗುತ್ತದೆ, ಭರಣಿ ಉಳಿಯುತ್ತದೆ.

ತಗಡಿನ ಮುಚ್ಚಳ ಉಪ್ಪಿನಕಾಯಿಗೆ ಆಗುವುದಿಲ್ಲ. ಉಪ್ಪು, ಹುಳಿ ಎರಡೂ ಸೇರಿ ಒಳಗಿನ ಬಣ್ಣ ಎಬ್ಬಿಸಿ ತುಕ್ಕು ತರಿಸುತ್ತವೆ. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆಗಂತೂ ಕೇಳಲೇಬೇಡಿ. ತುಕ್ಕು ಉಜ್ಜಿ ತೆಗೆದು ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ, ಬಣ್ಣ ಹೋದ ಜಾಗಕ್ಕೆ ಇನ್ನೂ ಬೇಗ ತುಕ್ಕು ಬರುತ್ತದೆ.

ಖಾಲಿ ಭರಣಿ ಎತ್ತಿಡುವಾಗ ಮುಚ್ಚಳ ಬಿಗಿಯಬೇಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಮುಚ್ಚಳವನ್ನು ಪಕ್ಕಕ್ಕೆ ಇಡಿ.

ಕೋಲಾರದ ಸೊಸೆ
ಶಾಂತಕ್ಕಾ, ಸೋಡಾ ನೀರಿಗೆ ಹಾಕಿದ ರಬ್ಬರ್ ಕೆಂಪಗಾಗಿದೆ! ಅರಿಶಿನದ ಹಳದಿ ಕಲೆ ಇದ್ದ ಜಾಗವೆಲ್ಲ ಕೆಂಪು. ಹಾಳಾಯ್ತಾ?

ಮಂಗಳೂರು ಶಾಂತಕ್ಕ
ಅಯ್ಯೋ ಇಲ್ಲ ಮಾರಾಯ್ತಿ. ಅರಿಶಿನಕ್ಕೆ ಸುಣ್ಣ ಹಾಕಿದರೆ ಕುಂಕುಮ ಆಗುವುದಿಲ್ಲವಾ, ಅದೇ ಇದು. ಸೋಡಾ ಕೂಡ ಕ್ಷಾರವೇ. ಒಮ್ಮೆ ನಿಂಬೆ ನೀರಿನಲ್ಲಿ ಅದ್ದಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಹಳದಿ ಹೋಗಬೇಕಾದರೆ ಬಿಸಿಲೇ ಬೇಕು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ದಾವಣಗೆರೆ ಬೆಣ್ಣೆ
ಲೇಬಲ್ ಗೋಂದಿಗೆ ಏನು? ಜಾಮ್ ಬಾಟಲಿಗಳು ಎಷ್ಟೋ ಇವೆ, ಕಾಗದ ಹೋಗುತ್ತದೆ, ಅಂಟು ಹೋಗುವುದಿಲ್ಲ.

ಟೆಕ್ಸಾಸ್ ಗಿರಿಜೆ
ಕೊಬ್ಬರಿ ಎಣ್ಣೆಗೆ ಅಡುಗೆ ಸೋಡಾ ಕಲಸಿ ಹಚ್ಚಿ ಅರ್ಧ ಗಂಟೆ ಬಿಡಿ. ಬೆರಳಲ್ಲೇ ಉರುಳಿ ಬರುತ್ತದೆ. ಪುಟ್ಟಕ್ಕನವರ ಸೋಡಾಗೆ ಇಲ್ಲಾದರೂ ಕೆಲಸ ಸಿಕ್ಕಿತು.

ಹುಬ್ಬಳ್ಳಿ ಪುಟ್ಟಕ್ಕ
ನೊರೆ ಬರುವುದಿಲ್ಲವಲ್ಲ, ಏನು ಮಜಾ.

ಜಯನಗರದ ಜಾಣೆ
ಬೂಷ್ಟು ಬಂದ ಭರಣಿಯನ್ನು ಮತ್ತೆ ಬಳಸಬಹುದಾ? ನೆಲ್ಲಿಕಾಯಿ ಉಪ್ಪಿಗೆ ಹಾಕಿದ್ದು, ಮೇಲೆ ಹಸಿರು ಕಟ್ಟಿದೆ.

ರಸಾಯನ ಮೇಷ್ಟ್ರು
ಭರಣಿ ಬಳಸಬಹುದು, ನೆಲ್ಲಿಕಾಯಿ ಬೇಡ. ಮೇಲಿನದು ತೆಗೆದು ಕೆಳಗಿನದು ತಿನ್ನುತ್ತೇನೆ ಅನ್ನಬೇಡಿ. ಮುಖ ಹತ್ತಿರ ತಂದು ಮೂಸಬೇಡಿ, ಕಣಗಳು ಮೂಗಿಗೆ ಹೋಗುತ್ತವೆ. ಒಳಗಿನದನ್ನು ಚೀಲಕ್ಕೆ ಸುರಿದು ಕಟ್ಟಿ ಎಸೆಯಿರಿ. ಭರಣಿಯನ್ನು ಸೋಪಿನಲ್ಲಿ ತೊಳೆದು ಮೇಲೆ ಹೇಳಿದ ಹಾಗೆ ಕುದಿಸಿ. ರಬ್ಬರ್ ಇದ್ದರೆ ಹೊಸದು ಹಾಕಿ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು. ಭರಣಿ ಎಷ್ಟೇ ಸ್ವಚ್ಛ ಇದ್ದರೂ, ಹುಳಿ ಇಲ್ಲದ ಪದಾರ್ಥವನ್ನು ಗಾಳಿಯಾಡದ ಹಾಗೆ ಮುಚ್ಚಿ ಹೊರಗಿಟ್ಟರೆ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಬೊಟುಲಿಸಂ ವಿಷ ಹುಟ್ಟಬಹುದು. ಹುಳಿಯಿಲ್ಲದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಹೊರಗಿಡುವುದು, ಬೇಯಿಸಿದ ಬೀನ್ಸ್ ಜಾಡಿಗೆ ತುಂಬುವುದು ಇಂಥವು. ಆ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಅವಕ್ಕೆ ಪ್ರೆಶರಿನಲ್ಲಿ 116ರಿಂದ 121 ಡಿಗ್ರಿ ಬೇಕು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6 ಅಥವಾ ಅದಕ್ಕಿಂತ ಕೆಳಗಿರುವಷ್ಟು ಹುಳಿ ಇದ್ದರೆ ಅವು ಬೆಳೆಯುವುದಿಲ್ಲ. ಹಾಗಾಗಿಯೇ ಮಾವಿನಕಾಯಿ, ನಿಂಬೆ ಅಷ್ಟು ಭಯವಿಲ್ಲ. ಮುಚ್ಚಳ ಉಬ್ಬಿದ್ದರೆ, ತೆರೆದಾಗ ರಸ ಚಿಮ್ಮಿದರೆ, ರುಚಿ ನೋಡಲೂ ಹೋಗಬೇಡಿ.

ಟೆಕ್ಸಾಸ್ ಗಿರಿಜೆ
ಟೊಮೆಟೊ ಗಡಿಯಲ್ಲಿದೆ. ಅದಕ್ಕೇ ಇಲ್ಲಿ ಸುಮಾರು 1 ಲೀಟರಿನ ಜಾಡಿಗೆ 2 ಟೇಬಲ್ ಚಮಚ ಬಾಟಲಿ ನಿಂಬೆರಸ ಹಾಕಲು ಹೇಳುತ್ತಾರೆ. ಹುಳಿ ಜಾಸ್ತಿ ಅನ್ನಿಸಿದರೆ ತಿನ್ನುವಾಗ ಸಕ್ಕರೆ ಹಾಕಿಕೊಳ್ಳಿ, ರಸ ಕಡಿಮೆ ಮಾಡಬೇಡಿ.

ಕೊಡಗಿನ ಮಳೆ
ನಮ್ಮ ತೊಂದರೆ ಬೇರೆ. ತೊಳೆಯುವುದೆಲ್ಲ ಸರಿ, ಒಣಗಿಸುವುದು ಹೇಗೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅಂದರೇನು ಅಂತ ಕೇಳಬೇಕು. ಬೋರಲು ಹಾಕಿಟ್ಟರೂ ಒಳಗೆ ಬೆವರು.

ತುಂಗಾತೀರ
ಒಲೆಯ ಮೇಲಿನ ಹೊಗೆಅಟ್ಟದಲ್ಲಿ ಇಡಿ. ನಮ್ಮಲ್ಲಿ ಅಡಿಕೆಯ ಪಕ್ಕದಲ್ಲಿ ಭರಣಿಯೂ ಕೂರುತ್ತದೆ.

ಕೊಡಗಿನ ಮಳೆ
ಗ್ಯಾಸ್ ಒಲೆಗೆ ಅಟ್ಟ ಇಲ್ಲವಲ್ಲ.

ಮಂಗಳೂರು ಶಾಂತಕ್ಕ
ಬೋರಲು ಹಾಕುವುದು ನೀರು ಇಳಿಯುವವರೆಗೆ ಮಾತ್ರ. ಹಾಗೇ ಬಿಟ್ಟರೆ ಒಳಗಿನ ಹಬೆ ಎಲ್ಲಿಗೆ ಹೋಗಬೇಕು? ಭರಣಿ ಬಿಸಿಯಿರುವಾಗಲೇ ನೀರಿನಿಂದ ತೆಗೆದು ಅರ್ಧ ಗಂಟೆ ಬೋರಲು ಹಾಕಿ. ಆಮೇಲೆ ನೆಟ್ಟಗೆ ನಿಲ್ಲಿಸಿ ಫ್ಯಾನ್ ಕೆಳಗಿಡಿ. ಗಾಜಿನ ಬಿಸಿಗೇ ಅರ್ಧ ನೀರು ಹೋಗುತ್ತದೆ. ಓವನ್ ಇದ್ದರೆ ಭರಣಿಯನ್ನು ಒಳಗಿಟ್ಟೇ ಸಣ್ಣಗೆ ಹಚ್ಚಿ, 100 ಡಿಗ್ರಿ ದಾಟುವುದು ಬೇಡ, ಆರಿಸಿ ಅಲ್ಲೇ ತಣಿಯಲು ಬಿಡಿ. ರಬ್ಬರ್, ಕ್ಲಿಪ್ ಎಲ್ಲ ತೆಗೆದಿರಬೇಕು.

ಒಣಗಿದೆಯೋ ಇಲ್ಲವೋ ತಿಳಿಯಲು ಕರಿದ ಹಪ್ಪಳದ ಚೂರು ಹಾಕಿ ಮುಚ್ಚಿ ರಾತ್ರಿ ಇಡಿ. ಬೆಳಗ್ಗೆ ಕರುಂ ಅಂದರೆ ಉಪ್ಪಿನಕಾಯಿ ತುಂಬಿ. ಮೆತ್ತಗಾಗಿದ್ದರೆ ಇನ್ನೊಂದು ದಿನ ಫ್ಯಾನ್ ಕೆಳಗೆ.

ಕೊಡಗಿನ ಮಳೆ
ಹಪ್ಪಳ ಬೆಳಗ್ಗೆವರೆಗೆ ಉಳಿಯುವ ಮನೆ ಇದಲ್ಲ ಅಕ್ಕಾ. ಆದರೂ ಇವತ್ತು ಎರಡು ಜಾಸ್ತಿ ಕರಿಯುತ್ತೇನೆ.